ನಲವತ್ತೆರಡು ಆಲೂಗೆಡ್ಡೆ

ಹಾಸನದ ತಾಲ್ಲೂಕು ಕಚೇರಿ ಎದುರಿನ ನನ್ನ ಅಂಗಡಿಗೆ
ರಾತ್ರಿ ಎಂಟೂವರೆಗೆ ಅರ್ಧ ಶಟರು.
ಲ್ಯಾಮಿನೇಷನ್ ಮಿಷಿನ್ನಿನ ಮೈ ಇನ್ನೂ ಬೆಚ್ಚಗೆ,
ನೆಲದ ಮೇಲೆ ಯಾರದೋ ಫೋಟೊ ಕತ್ತರಿಸಿದ ಅಂಚು.
ರ್‍ಯಾಮ್ ಹಾಕಲು ಬಂದಿದ್ದ ತೌಸೀಫ್ ಹೋಗುವಾಗ
"ಅಕ್ಕಾ, ಹೊಸಾ ಆಟ ಒಂದು ಹಾಕಿದೀನಿ, ನೋಡಿ" ಅಂದಿದ್ದ.
ನೋಡಿದೆ.

ಮೊದಲು ಮಂಜು. ಮಂಜಿನೊಳಗೆ ಕೊಂಬು ಊದಿದ ಸದ್ದು,
ನನ್ನ ಸ್ಪೀಕರಿನಲ್ಲಿ ಅದು ಬಸ್ಸು ರಿವರ್ಸು ತೆಗೆದ ಹಾಗೆ.
ಆಮೇಲೆ ಒಂದು ಅರ್ಜಿ.

ಅರ್ಜಿಯೇ!
ಹದಿನಾಲ್ಕು ವರ್ಷದಿಂದ ಊರವರಿಗೆಲ್ಲ
ನಾನು ತುಂಬಿಕೊಟ್ಟದ್ದು ಅದನ್ನೇ.
ಹೆಸರು. ಲಿಂಗ. ಕಸುಬು.
ಕುಲ: ಒಂದನ್ನು ಆರಿಸಿ.
ಮನುಷ್ಯರು, ಕುಳ್ಳರು, ಚೂಪುಗಿವಿಯ ಕಾಡಿನವರು,
ಹಲ್ಲಿಮೋರೆಯ ಇನ್ನೊಂದು ಜನ.
ಬೆರಳು ತಾನಾಗೇ ಕೆಳಗಿಳಿದು ಹುಡುಕಿತು:
ಆರ್‌ಡಿ ನಂಬರು ಎಲ್ಲಿ? ತಂದೆಯ ಟಿ.ಸಿ. ಎಲ್ಲಿ ಅಪ್‌ಲೋಡ್ ಮಾಡೋದು?
ಗ್ರಾಮ ಲೆಕ್ಕಿಗರ ವರದಿ?
ಏನೂ ಕೇಳಲಿಲ್ಲ. ಕುಳ್ಳಿ ಅಂದೆ, ಕುಳ್ಳಿಯಾದೆ.
ನಲವತ್ತು ಸೆಕೆಂಡು.
ಎದ್ದು ಹೋಗಿ ನೀರು ಕುಡಿದು ಬಂದೆ.

ಕಲ್ಲು ಹಾಸಿದ ದಾರಿ, ತೂಗುವ ಲಾಂದ್ರ, ಮೇಲೆ ಎರಡು ಚಂದ್ರ.
ಎರಡಕ್ಕೂ ನೆರಳು ಬೇರೆ ಬೇರೆ ಬಿದ್ದಿತ್ತು,
ಯಾರು ನೋಡಲಿ ಬಿಡಲಿ, ಮಾಡಿದವನು ಮಾಡಿದ್ದ.
ಕುದುರೆಗೆ ಬಾಲ, ಬಾಲಕ್ಕೆ ಗಾಳಿ,
ನನ್ನ ಹಳೇ ಕಂಪ್ಯೂಟರಿಗೆ ಏದುಸಿರು.
ಮೂಡಲ ಬೆಟ್ಟದಲ್ಲಿ ಡ್ರ್ಯಾಗನ್ ಎದ್ದಿದೆಯಂತೆ,
ಲೋಕ ಉಳಿಸಬೇಕಂತೆ. ಉಳಿಸೋಣ.
ಆದರೆ ಛತ್ರದ ಹಿಂದೆ ಒಂದು ಪೀಪಾಯಿ.
ಬಗ್ಗಿ ನೋಡಿದರೆ, ಆಲೂಗೆಡ್ಡೆ!

ಹಾಸನದವಳ ಕೈ ಸುಮ್ಮನಿರುತ್ತಾ?
ಎಪಿಎಂಸಿ ಯಾರ್ಡಿನಲ್ಲಿ ಚೀಲ ಹೊಲಿದವಳ ಮಗಳು ನಾನು,
ಕಣ್ಣು ನೋಡಿ ಹೇಳಬಲ್ಲೆ ಬಿತ್ತನೆಯದೋ ಅಡಿಗೆಯದೋ.
ಇವಕ್ಕೆ ಕಣ್ಣೇ ಇರಲಿಲ್ಲ. ಮಣ್ಣೂ ಇರಲಿಲ್ಲ.
ಆದರೂ ಪೀಪಾಯಿಂದ ಪೀಪಾಯಿಗೆ, ಅಟ್ಟದಿಂದ ನೆಲಮಾಳಿಗೆಗೆ,
ಮಲಗಿದ್ದವರ ಮಂಚದ ಕೆಳಗೂ ಕೈ ಹಾಕಿ
ನಲವತ್ತೆರಡು.
ಪರದೆಯ ಮೇಲೆ ಕೆಂಪಕ್ಷರ: ಹೊರೆ ಮೀರಿದೆ, ಇನ್ನು ಓಡಲಾರಿರಿ.
ತೋಳ ಬಂತು. ಓಡಲಿಲ್ಲ. ಸತ್ತೆ.
ಮತ್ತೆ ಹುಟ್ಟಿದಾಗ ಚೀಲದಲ್ಲಿ ನಲವತ್ತೆರಡೂ ಇದ್ದವು.
ಇದೊಂದು ನನಗೆ ಬಹಳ ಹಿಡಿಸಿತು.

ಕೋಟೆ ಬಾಗಿಲಲ್ಲಿ ಈಟಿ ಹಿಡಿದ ಮುದುಕ.
ಮಾತಾಡಿಸಿದೆ. "ಬಡಗಣ ದಾರಿ ಮುಚ್ಚಿದೆ, ನಾಳೆ ಬಾ."
ಮತ್ತೆ ಮಾತಾಡಿಸಿದೆ. ಅದೇ ಮಾತು, ಅದೇ ಕೆಮ್ಮು,
ಕೆಮ್ಮಿನ ಬೆನ್ನಿಗೆ ಅದೇ ಕತ್ತಿನ ತಿರುವು.
ಒಂದು ಗೆಡ್ಡೆ ಕೊಡೋಣವೆಂದರೆ
ಕೊಡುವುದಕ್ಕೆ ಗುಂಡಿಯೇ ಇಲ್ಲ.
ಪಾಪ, ಯಾರೋ ಅವನಿಗೆ ಬರೆದುಕೊಟ್ಟದ್ದು ಅಷ್ಟೇ.
ಎಂಟನೇ ಸಲಕ್ಕೆ ಸಿಟ್ಟು ಬಂತು,
ಒಂಬತ್ತನೆಯದಕ್ಕೆ ಏನೋ ನಾಚಿಕೆ.
ಯಾಕೆಂದು ಹೊಳೆಯದೆ, ಶಟರು ಪೂರ್ತಿ ಎಳೆದು
ಮನೆಗೆ ಹೋದೆ.

ಬೆಳಿಗ್ಗೆ ಹತ್ತಕ್ಕೆ, ದುದ್ದದ ಬಸ್ಸಿಳಿದು ಜವರಯ್ಯ.
ಪ್ಲಾಸ್ಟಿಕ್ ಕವರಿನಲ್ಲಿ
ಮಡಿಸಿ ಮಡಿಸಿ ಬಟ್ಟೆಯಷ್ಟು ಮೆತ್ತಗಾದ ರಸೀತಿ.
"ಬಂತೇನವ್ವಾ?"
ಮೊಮ್ಮಗಳ ಜಾತಿ ಸರ್ಟಿಫಿಕೇಟು.
ಬಂದಿರಲಿಲ್ಲ.
"ಸರ್ವರ್ ಇಲ್ಲ, ನಾಳೆ ಬನ್ನಿ" ಅನ್ನಲು ಬಾಯಿ ತೆರೆದೆ,
ಕೆಮ್ಮು ಬಂತು.

ಕತ್ತು ತಿರುಗದ ಹಾಗೆ ಹಿಡಿದು ನಿಲ್ಲಿಸಿದೆ.
ಒಳಗೆ ಬೇರೆ ಮಾತು ಹುಡುಕಿದೆ.
ಒಂದು ಪೀಪಾಯಿ ಖಾಲಿ, ಇನ್ನೊಂದೂ ಖಾಲಿ.
ಅವರು ರಸೀತಿ ಹಿಡಿದೇ ಕಾದರು.
ಕೊನೆಗೆ ಸಿಕ್ಕಿದ್ದು ಇಷ್ಟು:
"ಈ ಸಲ ಆಲೂಗೆಡ್ಡೆ ಹಾಕಿದ್ರಾ, ಜವರಯ್ಯನೋರೇ?"

ಹನ್ನೊಂದು ಸಲ ನಿಂತೇ ಹೋದ ಮನುಷ್ಯ
ಬೆಂಚಿನ ತುದಿಗೆ ಕೂತರು.
"ಹಿತ್ತಲಲ್ಲಿ ಮೂರು ಸಾಲು," ಅಂದರು, ಕೊಂಚ ಗಾಬರಿಯಲ್ಲೇ,
"ಮನೆ ಮಟ್ಟಿಗೆ."